ಕೆಲವು ಪಂಪುಗಳಿಗೆ ಗ್ರೀಸ್ ಬೇಕು

ಮೂರನೆಯ ಸಲ ಎಣಿಸಿದಾಗಲೂ ಐವತ್ತೊಂಬತ್ತೇ ಬಂತು. ಮೀಟರಕ್ಕ ತನ್ನ ಪ್ರಶ್ನೆಪತ್ರಿಕೆಯನ್ನು ನೋಟಿಸ್ ಬೋರ್ಡಿನ ಗಾಜಿಗೆ ಒತ್ತಿ ಹಿಡಿದು, ಒಳಗೆ ಅಂಟಿಸಿದ್ದ ಸರಿಯುತ್ತರಗಳ ಹಾಳೆಯ ಮೇಲೆ ಬೆರಳು ಓಡಿಸುತ್ತ ನಾಲ್ಕನೆಯ ಸಲ ಶುರು ಮಾಡಿದಳು. ಹಿಂದೆ ನಿಂತವರು, ಅಕ್ಕ ಸ್ವಲ್ಪ ಸರೀರಿ, ನಾವೂ ಫೇಲಾಗೋದು ಬೇಡವಾ ಎಂದು ನಗಾಡುತ್ತಿದ್ದರು. ಅವಳಿಗೆ ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ.

ನೂರಕ್ಕೆ ಅರವತ್ತು ಬಂದರೆ ಪಾಸು. ಖಾಲಿ ಇದ್ದದ್ದು ಆರು ಸೂಪರ್‌ವೈಸರ್ ಹುದ್ದೆ. ಪಾಸಾದವರಲ್ಲಿ ಹಳಬರಿಗೆ ಮೊದಲು. ಪರೀಕ್ಷೆಗೆ ಕೂತ ಎಪ್ಪತ್ತು ಜನರಲ್ಲಿ ಅವಳಷ್ಟು ಹಳಬರು ಯಾರೂ ಇರಲಿಲ್ಲ. ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಅವಳದು ಇಪ್ಪತ್ತೊಂದು ವರ್ಷದ ಕೆಲಸ. ಪಾಸಾದರೆ ಹುದ್ದೆ ಕೈಗೆ ಬಂದ ಹಾಗೆಯೇ, ಪಾಸಾಗದಿದ್ದರೆ ಎಂದೆಂದಿಗೂ ಇಲ್ಲ. ಪರೀಕ್ಷೆ ನಡೆಯುವುದು ಎರಡು ವರ್ಷಕ್ಕೊಮ್ಮೆ, ನಲವತ್ತೈದು ದಾಟಿದವರನ್ನು ಕೂರಿಸುವುದಿಲ್ಲ, ಅವಳಿಗೆ ನಲವತ್ತೈದು ತುಂಬಲು ಉಳಿದಿದ್ದದ್ದು ಎರಡೇ ತಿಂಗಳು.

ಮೀಟರಕ್ಕ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಪಂಪಿನ ಸದ್ದು ಕೇಳಿಯೇ ಒತ್ತಡ ಎಷ್ಟೆಂದು ಹೇಳುತ್ತಿದ್ದಳು. ಆಮೇಲೆ ಮೀಟರು ನೋಡಿದರೆ ಮುಳ್ಳು ಅಲ್ಲೇ ನಿಂತಿರುತ್ತಿತ್ತು. ಯಾವ ವಾಲ್ವ್ ಯಾವ ಕಡೆಗೆ ತಿರುಗುತ್ತದೆ ಎಂಬುದೂ ತಿಳಿಯದೆ ಬಂದ ಮೂವರು ಸೂಪರ್‌ವೈಸರುಗಳಿಗೆ ಕೆಲಸ ಕಲಿಸಿದವಳು ಅವಳೇ. ದಿನಚರಿ ಪುಸ್ತಕ ತುಂಬುವುದು ಇವಳು, ಕೆಳಗೆ ಸಹಿ ಹಾಕುವುದು ಅವರು. ತಾನು ಬರೆದದ್ದರ ಕೆಳಗೆ ತನ್ನದೇ ಸಹಿ ಬೀಳಬೇಕು ಎಂಬ ಹಟ ಅವಳ ಹೊಟ್ಟೆಯಲ್ಲಿ ಬಹಳ ದಿನದಿಂದ ಕೂತಿತ್ತು.

ನಾಲ್ಕನೆಯ ಎಣಿಕೆ ಮೂವತ್ತೇಳನೆಯ ಪ್ರಶ್ನೆಯ ಹತ್ತಿರ ನಿಂತುಬಿಟ್ಟಿತು. ಎರಡು ಹೇಳಿಕೆಗಳನ್ನು ಕೊಟ್ಟಿದ್ದರು. ಎಲ್ಲಾ ಪಂಪುಗಳೂ ಯಂತ್ರಗಳು. ಕೆಲವು ಯಂತ್ರಗಳಿಗೆ ಗ್ರೀಸ್ ಬೇಕು. ಇವುಗಳಿಂದ ಯಾವ ತೀರ್ಮಾನ ಹೊರಡುತ್ತದೆ? ಒಂದು, ಕೆಲವು ಪಂಪುಗಳಿಗೆ ಗ್ರೀಸ್ ಬೇಕು. ಎರಡು, ಗ್ರೀಸ್ ಬೇಕಾದದ್ದೆಲ್ಲ ಪಂಪು. ಅವಳು ಗುರುತು ಹಾಕಿದ್ದದ್ದು ‘ಡಿ’ಗೆ, ಅಂದರೆ ಎರಡೂ ಹೊರಡುವುದಿಲ್ಲ ಎಂಬುದಕ್ಕೆ. ಗಾಜಿನೊಳಗಿನ ಹಾಳೆಯಲ್ಲಿ ಇದ್ದದ್ದು ‘ಎ’, ಮೊದಲನೆಯದು ಮಾತ್ರ ಹೊರಡುತ್ತದೆ.

ಅವಳು ಇನ್ನೊಂದು ಸಲ ಓದಿದಳು. ಫೇಲಾದ ದುಃಖ ಬರಬೇಕಿತ್ತು, ಬರಲಿಲ್ಲ. ಬದಲಿಗೆ ಕಿವಿಯ ತುದಿ ಬಿಸಿಯಾಯಿತು. ಅಚ್ಚಾದ ಹಾಳೆ ತಪ್ಪು, ತಾನು ಸರಿ. ಹೀಗೆ ಅನ್ನಿಸಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಪಕ್ಕದಲ್ಲೇ ಗ್ರೀಸಣ್ಣ ಕುಣಿದಾಡುತ್ತಿದ್ದ. ಹನ್ನೊಂದು ವರ್ಷದಿಂದ ಅವಳ ಜೊತೆ ಒಂದೇ ಶಿಫ್ಟಿನಲ್ಲಿ ದುಡಿಯುವವನು, ಅವಳಿಗಿಂತ ಆರು ವರ್ಷ ಚಿಕ್ಕವನು. ಬೇರಿಂಗಿಗೆ ಗ್ರೀಸ್ ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅವನಿಗೆ ಸರಿಯಾಗಿ ಅರವತ್ತು ಬಂದಿತ್ತು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಮೂವತ್ತೇಳನೆಯದಕ್ಕೆ ಏನು ಹಾಕಿದೆ ಎಂದು ಅವಳು ಕೇಳಿದಾಗ, ಅದೂ ಒಂದು ಪ್ರಶ್ನೆಯಾ ಎನ್ನುವಂತೆ ನೋಡಿದ. ಅದನ್ನು ತನಗೋಸ್ಕರವೇ ಬರೆದಿದ್ದಾರೆ ಎಂದು ಬೀಗಿದ. ‘ಎ’ ಹಾಕಿದ್ದ.

ಅವಳು ಬಸ್ಸಿಗೆ ಕಾಯದೆ ನಡೆದೇ ಮನೆಗೆ ಹೋದಳು. ಕುಳಿತರೆ ತಲೆಯೊಳಗೆ ಇದ್ದದ್ದು ಜಾರಿಹೋದೀತು ಎನ್ನುವ ಹಾಗೆ ಕಾಲುಗಳು ತಾವಾಗಿ ಓಡುತ್ತಿದ್ದವು.

ಐದು ತಿಂಗಳ ಹಿಂದೆಯಾಗಿದ್ದರೆ ಅವಳೂ ಕಣ್ಣು ಮುಚ್ಚಿ ‘ಎ’ ಹಾಕುತ್ತಿದ್ದಳು. ತರ್ಕದ ಪ್ರಶ್ನೆಗಳನ್ನು ಅವಳಿಗೆ ಕಲಿಸಿದ್ದು ನಾದಿನಿ. ಗಂಡನ ತಂಗಿಯಾದ ಈ ಮಹಾತಾಯಿ ಏಳು ಪರೀಕ್ಷೆ ಬರೆದು, ಒಂದೊಂದು ಪ್ರಶ್ನೆಯನ್ನೂ ಇಪ್ಪತ್ತು ನಿಮಿಷ ಯೋಚಿಸಿ, ಏಳರಲ್ಲೂ ಹೊತ್ತು ಸಾಲದೆ ಹೊರಬಿದ್ದವಳು. ಈಗ ಅಣ್ಣನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾಳೆ. ಮನೆಯವರೆಲ್ಲ ಅವಳನ್ನು ಮೇಡಂ ಎಂದು ಕರೆಯುವುದು ಅರ್ಧ ತಮಾಷೆಗೆ, ಅರ್ಧ ಹೆದರಿಕೆಗೆ.

ಮೊದಲ ದಿನವೇ ಜಗಳವಾಗಿತ್ತು. ಪುಸ್ತಕದಲ್ಲಿ, ಎಲ್ಲಾ ಬೆಕ್ಕುಗಳೂ ಕುರ್ಚಿಗಳು, ಎಲ್ಲಾ ಕುರ್ಚಿಗಳೂ ಹಾರುತ್ತವೆ, ಆದ್ದರಿಂದ ಎಲ್ಲಾ ಬೆಕ್ಕುಗಳೂ ಹಾರುತ್ತವೆ ಎಂದಿತ್ತು. ಮೀಟರಕ್ಕ ತಪ್ಪು ಎಂದಳು. ನಾದಿನಿ ಸರಿ ಎಂದಳು. ಹಾರುವ ಬೆಕ್ಕನ್ನು ನಿಮ್ಮಪ್ಪ ನೋಡಿದ್ದರಾ ಎಂದು ಇವಳು ಕೇಳಿದ್ದಕ್ಕೆ ಅವಳು ಪುಸ್ತಕ ಮುಚ್ಚಿ ಎದ್ದೇ ಹೋದಳು. ಮಾರನೆಯ ದಿನ ಮತ್ತೆ ಬಂದು ಕೂತು ತಣ್ಣಗೆ ಹೇಳಿದಳು. "ಅತ್ತಿಗೆ, ನಿಮಗೆ ಗೊತ್ತಿರೋದನ್ನೆಲ್ಲ ಚಪ್ಪಲಿ ಜೊತೆ ಬಾಗಿಲ ಹೊರಗೆ ಬಿಟ್ಟು ಬನ್ನಿ. ಅವರು ಕೊಟ್ಟಿರೋದು ಎರಡೇ ಸಾಲು. ನಿಮ್ಮ ಪ್ರಪಂಚ ಅಷ್ಟೇ."

ಹೇಳುವುದು ಸುಲಭ. ಇಪ್ಪತ್ತೊಂದು ವರ್ಷ ಗೊತ್ತಿರುವುದರಿಂದಲೇ ಅನ್ನ ತಿಂದವಳು ಅದನ್ನು ಬಾಗಿಲ ಹೊರಗೆ ಬಿಡುವುದು ಹೇಗೆ? ನೀರು, ಕಬ್ಬಿಣ, ಮೋಟಾರು ಎಂಬ ಮಾತು ಬಂದರಂತೂ ಮುಗಿದೇ ಹೋಯಿತು. ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ಕೈ ಉತ್ತರ ಗುರುತಿಸಿಬಿಡುತ್ತಿತ್ತು. ಅಭ್ಯಾಸಕ್ಕೆ ಬರೆದರೆ ಇಪ್ಪತ್ತೈದಕ್ಕೆ ಒಂಬತ್ತು, ಇಪ್ಪತ್ತೈದಕ್ಕೆ ಎಂಟು. ಕೊನೆಗೆ ಗಂಡನೇ ದಾರಿ ತೋರಿಸಿದ. ಅವನು ಟೈಲರು, ಮಾತಿಗಿಂತ ಕತ್ತರಿಯಲ್ಲಿ ಅವನಿಗೆ ನಂಬಿಕೆ ಹೆಚ್ಚು. ಉಳಿದ ಬಟ್ಟೆಯ ಚೂರುಗಳಲ್ಲಿ ಬೇರೆ ಬೇರೆ ಬಣ್ಣದ ವೃತ್ತಗಳನ್ನು ಕತ್ತರಿಸಿ ಕೊಟ್ಟ. ದೊಡ್ಡ ನೀಲಿಯೊಳಗೆ ಚಿಕ್ಕ ಬಿಳಿ ಪೂರ್ತಿ ಕೂತರೆ ‘ಎಲ್ಲಾ’. ಎರಡು ವೃತ್ತಗಳ ಅಂಚು ಒಂದರ ಮೇಲೊಂದು ಬಂದರೆ ‘ಕೆಲವು’. ಮುಟ್ಟದೇ ಇದ್ದರೆ ‘ಯಾವುದೂ ಇಲ್ಲ’. ತೀರ್ಮಾನ ಹೊರಡುತ್ತದೆ ಎನ್ನಬೇಕಾದರೆ ವೃತ್ತಗಳನ್ನು ಎಷ್ಟು ಸಲ ಹೇಗೆ ಸರಿಸಿದರೂ ಅದು ನಿಲ್ಲಬೇಕು; ಒಂದೇ ಒಂದು ಸಲ ತಪ್ಪಿಸಿಕೊಂಡರೂ ಮುಗಿಯಿತು.

ಒಂದು ಮಧ್ಯಾಹ್ನ ಕತ್ತರಿಸುವ ಮೇಜಿನ ಮೇಲೆ ಬಟ್ಟೆಗಳನ್ನು ಸರಿಸುತ್ತ ಕೂತಿದ್ದಾಗ ಅವಳಿಗೆ ಥಟ್ಟನೆ ಕಂಡುಬಿಟ್ಟಿತು. ನಿಜ ಬೇರೆ, ಹೊರಡುವುದು ಬೇರೆ. ನಿಜವಾದ ಮಾತೂ ಹೊರಡದೆ ಇರಬಹುದು, ಸುಳ್ಳು ಮಾತೂ ಸರಿಯಾಗಿ ಹೊರಡಬಹುದು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ನಾದಿನಿಯ ಎರಡೂ ಕೆನ್ನೆ ಹಿಡಿದು ಅಲುಗಾಡಿಸಿದಳು. ಅಲ್ಲಿಂದ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಮಾತಾಡುವ ಹಾಗಿರಲಿಲ್ಲ. ತಡ ಮಾಡಿ ಬರೋರೆಲ್ಲ ಜಗಳ ಮಾಡ್ತಾರೆ, ಇವನು ಜಗಳ ಮಾಡ್ತಿದಾನೆ, ಅಂದ್ರೆ ತಡ ಮಾಡಿ ಬಂದವನೇ ಎಂದು ಗಂಡ ಗಿರಾಕಿಯ ಬಗ್ಗೆ ಗೊಣಗಿದರೆ, ಒಳಗಿನಿಂದ ಇವಳ ದನಿ ಬರುತ್ತಿತ್ತು: ಹೊರಡಲ್ಲ.

ಹಾಗಾಗಿ ಮೂವತ್ತೇಳನೆಯ ಪ್ರಶ್ನೆಯ ಸುದ್ದಿ ಹೇಳಿದಾಗ ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಂತಿತು. ನಾದಿನಿ ಪ್ರಶ್ನೆಪತ್ರಿಕೆ ಕಸಿದುಕೊಂಡು ಓದಿದಳು. ಅವಳ ಅಭ್ಯಾಸದಂತೆ ಇಪ್ಪತ್ತು ನಿಮಿಷ ಆಗಬೇಕಿತ್ತು, ಇಪ್ಪತ್ತು ಸೆಕೆಂಡೂ ಆಗಲಿಲ್ಲ. ನಿಮ್ಮದೇ ಸರಿ, ಅವರದು ತಪ್ಪು, ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದಳು. ಆಕ್ಷೇಪಣೆ ಇದ್ದರೆ ಮೂರು ದಿನದೊಳಗೆ ಬರೆದು ಕೊಡಬೇಕು ಎಂದು ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದದ್ದು ಮೀಟರಕ್ಕನಿಗೆ ನೆನಪಿತ್ತು.

ಗಂಡ ಮಾತ್ರ ಟೇಪನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತುತ್ತ ಕೂತ. ಪ್ರಶ್ನೆ ಬರೆದದ್ದು ಯಾರೆಂದು ಇಡೀ ಇಲಾಖೆಗೆ ಗೊತ್ತಿತ್ತು. ಬೆಕ್ಕು, ಕುರ್ಚಿಯ ಪ್ರಶ್ನೆಗಳನ್ನು ಕಂಡರೆ ದೊಡ್ಡ ಇಂಜಿನಿಯರಿಗೆ ಆಗುತ್ತಿರಲಿಲ್ಲ. ನಮ್ಮವರಿಗೆ ನಮ್ಮ ಸಾಮಾನಿನ ಮೇಲೇ ಪ್ರಶ್ನೆ ಇರಲಿ ಎಂದು ಈ ಸಲ ತಾವೇ ಕೂತು ಬರೆದಿದ್ದರು. ಅವರ ತಪ್ಪನ್ನು ಅವರಿಗೇ ತೋರಿಸುವುದೆಂದರೆ ಹುಲಿಯ ಬಾಯಿಗೆ ತಲೆ ಕೊಟ್ಟ ಹಾಗೆ, ಇರುವ ಕೆಲಸದಲ್ಲೂ ನೆಮ್ಮದಿ ಉಳಿಯುವುದಿಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಹೇಳಿದ ಮೇಲೆ ಅವಳ ಮುಖ ನೋಡಿದ. ಏನು ಕಂಡನೋ, ಚೂರುಬಟ್ಟೆಯ ಚೀಲಕ್ಕೆ ಕೈ ಹಾಕಿದ.

"ಯಂತ್ರಕ್ಕೆ ಯಾವ ಬಣ್ಣ ಬೇಕು ಹೇಳು" ಎಂದ.

ಮಾರನೆಯ ಬೆಳಿಗ್ಗೆ ಅರ್ಜಿ ಕೊಡುವ ಮೊದಲು ಅವಳು ಪಂಪ್‌ಹೌಸಿಗೆ ಹೋದಳು. ರಾತ್ರಿಯೆಲ್ಲ ಒಂದು ವಿಷಯ ಕೊರೆದಿತ್ತು. ತನ್ನ ಮಾತು ನಡೆದರೆ ‘ಎ’ ಹಾಕಿದವರೆಲ್ಲರ ಒಂದೊಂದು ಮಾರ್ಕು ಹೋಗುತ್ತದೆ. ಉಳಿದವರಿಗೆ ಹೋದರೆ ಹೋಗಲಿ, ಗ್ರೀಸಣ್ಣನಿಗೆ ಇದ್ದದ್ದೇ ಅರವತ್ತು. ಬೆನ್ನ ಹಿಂದೆ ಮಾಡುವ ಕೆಲಸ ಅವಳಿಂದಾಗದು. ಮೋಟಾರುಗಳ ಸದ್ದಿನ ನಡುವೆ ಅವನ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದಳು.

ಅವನು ಕೈಯ ಗ್ರೀಸನ್ನು ಹಳೇ ಬಟ್ಟೆಗೆ ಒರೆಸುತ್ತ ಕೇಳಿದ, ಕೇಳಿ ನಕ್ಕ. "ಅಕ್ಕ, ಪಂಪಿಗೆ ಗ್ರೀಸ್ ಬೇಕು ಅನ್ನೋದನ್ನ ಯಾರಾದ್ರೂ ಅಲ್ಲ ಅಂತಾರಾ? ಹೋಗಿ ಬನ್ನಿ. ಅವರು ಕರೆದ ದಿನ ನಿಮ್ಮ ಕೆಲಸ ನಾನು ನೋಡ್ಕೋತೀನಿ. ಅಲ್ಲಿ ನಕ್ಕರೆ ಮಾತ್ರ ಬೇಜಾರು ಮಾಡ್ಕೋಬೇಡಿ."

ನಾಲ್ಕು ದಿನ ಬಿಟ್ಟು ಕರೆ ಬಂತು. ಮುಖ್ಯ ಕಚೇರಿಯ ಮೂರನೆಯ ಮಹಡಿ. ಉದ್ದ ಮೇಜಿನ ಆಚೆ ದೊಡ್ಡ ಇಂಜಿನಿಯರ್, ಅವರ ಪಕ್ಕ ಪರೀಕ್ಷೆಯ ಉಸ್ತುವಾರಿ ಹೊತ್ತ ಆಡಳಿತಾಧಿಕಾರಿ, ದಪ್ಪ ಕನ್ನಡಕದ ಹೆಂಗಸು. ತುದಿಯಲ್ಲಿ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಮೀಟರಕ್ಕನಿಗೆ ಹೆದರಿಕೆಯಾಗಲಿಲ್ಲ. ಯಾವಾಗ ಶುರು ಮಾಡಲಿ ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಇಂಜಿನಿಯರು ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಕೇಳಿದರು, ಎಷ್ಟು ವರ್ಷ ಆಯಿತಮ್ಮ ಪಂಪ್‌ಹೌಸಿನಲ್ಲಿ. ಇಪ್ಪತ್ತೊಂದು ಎಂದಳು. ಇಪ್ಪತ್ತೊಂದು ವರ್ಷದಲ್ಲಿ ಗ್ರೀಸ್ ಹಾಕಿದ ಪಂಪು ಒಂದನ್ನೂ ನೋಡಿಲ್ಲವೇ ಎಂದರು. ದಿನಾ ನೋಡುತ್ತೇನೆ ಎಂದಳು. ಹಾಗಾದರೆ ಕೆಲವು ಪಂಪುಗಳಿಗೆ ಗ್ರೀಸ್ ಬೇಕು ಎನ್ನುವುದು ಸುಳ್ಳೇ ಎಂದರು.

"ನಿಜ ಸರ್. ಅದು ನಮಗೆ ಗೊತ್ತು. ಪ್ರಶ್ನೆಗೆ ಗೊತ್ತಿಲ್ಲ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಅವಳು ಚೀಲದಿಂದ ಬಟ್ಟೆಯ ವೃತ್ತಗಳನ್ನು ತೆಗೆದು ಮೇಜಿನ ಮೇಲೆ ಹಾಸಿದಳು. ದೊಡ್ಡ ನೀಲಿ ಯಂತ್ರಗಳು, ಅದರೊಳಗಿನ ಚಿಕ್ಕ ಬಿಳಿ ಪಂಪುಗಳು. ಗ್ರೀಸ್ ಬೇಕಾದವುಗಳ ಹಳದಿ ವೃತ್ತವನ್ನು ನೀಲಿಯ ಅಂಚಿನ ಮೇಲೆ ಇಟ್ಟಳು, ಬಿಳಿಯಿಂದ ದೂರ. ಎರಡೂ ಹೇಳಿಕೆಗಳು ನಿಜವಾಗಿಯೇ ಉಳಿದವು, ಆದರೂ ಬಿಳಿಗೆ ಹಳದಿ ತಾಗಲಿಲ್ಲ ಎಂದು ತೋರಿಸಿದಳು. ಇಂಜಿನಿಯರು ಬೆರಳು ಚಾಚಿ ಹಳದಿಯನ್ನು ಬಿಳಿಯ ಮೇಲಕ್ಕೆ ತಳ್ಳಿದರು. ಹೀಗೂ ಇರಬಹುದಲ್ಲ ಎಂದರು.

"ಇರಬಹುದು ಸರ್. ಹೀಗೂ ಇರಬಹುದು, ಹಾಗೂ ಇರಬಹುದು. ಎರಡಕ್ಕೂ ಜಾಗ ಇದೆ ಅಂದ್ಮೇಲೆ ಇದೇ ಖಂಡಿತ ಅಂತ ಹೇಳೋಕಾಗಲ್ಲ."

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವರಲ್ಲ ಇಂಜಿನಿಯರು. ಆದರೆ ಮೂವತ್ತು ವರ್ಷ ಪಂಪುಗಳ ಜೊತೆ ಬದುಕಿದವರಿಗೆ ಗ್ರೀಸಿಲ್ಲದ ಪಂಪನ್ನು ಕಣ್ಣ ಮುಂದೆ ತಂದುಕೊಳ್ಳಲು ಆಗುತ್ತಿರಲಿಲ್ಲ, ಅಷ್ಟೇ. ಹಳದಿ ಬಟ್ಟೆಯನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. ಬಟ್ಟೆ ಬೇಡ, ಸಾದಾ ಮಾತಿನಲ್ಲಿ ಒಂದು ಉದಾಹರಣೆ ಕೊಡಿ ಎಂದು ಆಡಳಿತಾಧಿಕಾರಿ ಕೇಳಿದರು. ಮೀಟರಕ್ಕನ ಬಾಯಿಗೆ ಬಂದದ್ದು ಹೊರಬಿದ್ದೇ ಬಿಟ್ಟಿತು.

"ಈ ಕೋಣೆಯಲ್ಲಿರೋರೆಲ್ಲ ಮನುಷ್ಯರು. ಕೆಲವು ಮನುಷ್ಯರು ಜೈಲಲ್ಲಿದಾರೆ. ಹಾಗಂತ ಈ ಕೋಣೆಯಲ್ಲಿರೋರಲ್ಲಿ ಕೆಲವರು ಜೈಲಲ್ಲಿದಾರೆ ಅಂತ ಆಗತ್ತಾ ಮೇಡಂ?"

ಗುಮಾಸ್ತನಿಗೆ ಕೆಮ್ಮು ಬಂತು. ಆಮೇಲೆ ಆಡಳಿತಾಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಇಂಜಿನಿಯರು ನಗಲಿಲ್ಲ. ಪ್ರಶ್ನೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಓದಿದರು, ತುಟಿ ಅಲುಗುತ್ತಿತ್ತು. ನಾನು ಪ್ರಶ್ನೆ ನೋಡಿ ಉತ್ತರ ಬರೆಯಲಿಲ್ಲ, ಪಂಪು ನೋಡಿ ಬರೆದೆ ಎಂದು ತಮಗೆ ತಾವೇ ಹೇಳಿಕೊಂಡರು. ಐದು ತಿಂಗಳ ಹಿಂದೆ ನಾನೂ ಹಾಗೇ ಬರೆಯುತ್ತಿದ್ದವಳು ಸರ್ ಎಂದಳು ಅವಳು. ಆಗ ಅವರು ಮೊದಲ ಸಲ ಅವಳನ್ನು ಸರಿಯಾಗಿ ನೋಡಿದರು. ಅವಳಿಗೆ ಎದ್ದು ಹಾರುವಷ್ಟು ಸಂತೋಷವಾಯಿತು.

ಇಂಜಿನಿಯರೇ ಒಂದು ದಾರಿ ಹೇಳಿದರು. ಆ ಪ್ರಶ್ನೆಗೆ ಎಲ್ಲರಿಗೂ ಒಂದೊಂದು ಮಾರ್ಕು ಕೊಟ್ಟುಬಿಡೋಣ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೀಟರಕ್ಕ ಥಟ್ಟನೆ ಲೆಕ್ಕ ಹಾಕಿದಳು. ತನಗೂ ಅರವತ್ತು, ಗ್ರೀಸಣ್ಣನಿಗೂ ಅರವತ್ತು. ಹಾಗೇ ಮಾಡಿ ಸರ್, ಹಾಗೇ ಮಾಡಿ ಎಂದು ಎರಡು ಸಲ ಹೇಳಿದಳು.

ಆಡಳಿತಾಧಿಕಾರಿ ನಿಯಮದ ಪುಸ್ತಕ ತೆರೆದರು. ಓದಿ, ಪುಟದ ಮೇಲೆ ಕೈಯಿಟ್ಟುಕೊಂಡು ಅವಳ ಕಡೆ ತಿರುಗಿದರು.

"ಪ್ರಶ್ನೆಯೇ ತಪ್ಪಾಗಿದ್ದರೆ ಮಾತ್ರ ಎಲ್ಲರಿಗೂ ಮಾರ್ಕು ಅಂತಿದೆ. ನೀವೇ ಹೇಳಿಮ್ಮ, ಪ್ರಶ್ನೆ ತಪ್ಪಾ?"

ಅವಳು ಪ್ರಶ್ನೆಯ ಕಡೆ ನೋಡಿದಳು. ಎರಡು ಹೇಳಿಕೆ, ನಾಲ್ಕು ಉತ್ತರ, ಅದರಲ್ಲಿ ಸರಿಯಾದದ್ದು ಒಂದೇ ಒಂದು. ಅದನ್ನು ಈಗಷ್ಟೇ ಈ ಮೇಜಿನ ಮೇಲೆ ಹಾಸಿ ತೋರಿಸಿದವಳು ತಾನೇ. ತಪ್ಪು ಎಂದು ಒಂದು ಮಾತು ಹೇಳಿದ್ದರೆ ಇಂಜಿನಿಯರು ಹೂಂ ಎನ್ನುತ್ತಿದ್ದರು, ಅವರ ಮುಖದಲ್ಲೇ ಅದು ಕಾಣುತ್ತಿತ್ತು. ನಾಲಿಗೆಯ ತುದಿಗೂ ಬಂತು. ಬಂದದ್ದು ಹೊರಗೆ ಬರಲಿಲ್ಲ.

"ಪ್ರಶ್ನೆ ಸರಿಯಾಗಿದೆ ಮೇಡಂ" ಎಂದಳು.

ಆಡಳಿತಾಧಿಕಾರಿ ತಲೆದೂಗಿದರು. ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ‘ಎ’ಯ ಮೇಲೆ ಗೆರೆ ಬಿತ್ತು, ಪಕ್ಕದಲ್ಲಿ ‘ಡಿ’ ಬಂತು, ಕೆಳಗೆ ಇಬ್ಬರ ಸಹಿಯಾಯಿತು. ಇಂಜಿನಿಯರು ವೃತ್ತಗಳನ್ನು ತಾವೇ ಮಡಿಸಿ ಅವಳ ಕೈಗೆ ಕೊಟ್ಟರು, ಮುಂದಿನ ತಿಂಗಳಿಂದ ಸೂಪರ್‌ವೈಸರುಗಳ ಸಭೆಯಲ್ಲಿ ಸಿಗೋಣ ಎಂದರು.

ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ನಲವತ್ತೈದಕ್ಕೆ ಎರಡು ತಿಂಗಳಿರುವ ಹೆಂಗಸು ಹಾಗೆ ಇಳಿಯುವುದನ್ನು ಕಾವಲುಗಾರ ಬಾಯಿ ಬಿಟ್ಟುಕೊಂಡು ನೋಡಿದ. ಬೀದಿಗೆ ಬಂದು ಅಂಗಡಿಗೆ ಫೋನು ಮಾಡಿದರೆ ಆ ಕಡೆ ನಾದಿನಿ ಕಿರುಚಿದ್ದು ಬಸ್ಸಿನ ಹಾರನ್ನಿಗಿಂತ ಜೋರಾಗಿ ಕೇಳಿತು. ಗಂಡ ಫೋನು ತೆಗೆದುಕೊಂಡು ಏನೋ ಹೇಳಲು ಹೋಗಿ, ಊಟ ಮಾಡಿದೆಯಾ ಎಂದಷ್ಟೇ ಕೇಳಿದ. ಪಂಪ್‌ಹೌಸಿನ ಗೇಟಿನವರೆಗೂ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಗೇಟಿನ ಒಳಗೆ ಕಾಲಿಟ್ಟ ಮೇಲೆ ನಡಿಗೆ ನಿಧಾನವಾಯಿತು.

ಗ್ರೀಸಣ್ಣ ಮೂರನೆಯ ಪಂಪಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಅವಳ ದಿನಚರಿ ಪುಸ್ತಕವನ್ನು ಗಂಟೆಗೊಂದು ಸಾಲಿನಂತೆ ನೀಟಾಗಿ ತುಂಬಿಟ್ಟಿದ್ದ. ನಕ್ಕರಾ ಎಂದು ಕೇಳಿದ. ಒಬ್ಬರು ನಕ್ಕರು ಎಂದಳು. ಆಮೇಲೆ, ಬೇರೆ ದಾರಿಯಿಲ್ಲದೆ, ಉಳಿದದ್ದನ್ನೂ ಹೇಳಿದಳು. ಎಲ್ಲರಿಗೂ ಮಾರ್ಕು ಸಿಗಬಹುದಾಗಿದ್ದದ್ದನ್ನೂ, ತಾನು ಆಡಿದ ಮಾತನ್ನೂ ಮುಚ್ಚಿಡಲಿಲ್ಲ.

ಐವತ್ತೊಂಬತ್ತು ಎಂದು ಅವನು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡ. ಅವಳಿಗೆ ಸಂಕಟವಾಯಿತು. ಅವನ ಕಡೆ ನೋಡಲಾರದೆ, ಬೋರ್ಡಿನ ಮೇಲೆ ಒತ್ತಡ ಬರೆಯುವ ಸೀಮೆಸುಣ್ಣವನ್ನು ತೆಗೆದುಕೊಂಡು ಕೈಯಲ್ಲಿ ಹೊರಳಿಸುತ್ತ ನಿಂತಳು. ಎರಡು ವರ್ಷ ಬಿಟ್ಟು ಅವನು ಮತ್ತೆ ಬರೆಯಬಹುದು, ಅದರ ಮುಂದಿನ ಸಲವೂ ಬರೆಯಬಹುದು. ಆದರೆ ಅದನ್ನು ಈಗ ಹೇಳಿದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ ಎಂದು ಸುಮ್ಮನಿದ್ದಳು.

ಅವನು ಗ್ರೀಸ್ ಗನ್ನನ್ನು ಬೇರಿಂಗಿಗೆ ಇಟ್ಟು ಮೂರು ಸಲ ಒತ್ತಿದ. ಪಂಪಿನ ಸದ್ದು ತುಸು ಮೆತ್ತಗಾಯಿತು.

"ಇದಕ್ಕೆ ಗ್ರೀಸ್ ಬೇಕಲ್ಲ ಅಕ್ಕ."

"ಬೇಕು."

"ಮತ್ತೆ?"

ಅವಳು ಅವನ ಎದುರು ನೆಲದ ಮೇಲೆ ಕೂತಳು. ಸಿಮೆಂಟಿನ ಮೇಲೆ ಒಂದು ದೊಡ್ಡ ವೃತ್ತ ಎಳೆದು ಯಂತ್ರ ಎಂದಳು. ಅದರೊಳಗೆ ಒಂದು ಚಿಕ್ಕದನ್ನು ಎಳೆದು ಪಂಪು ಎಂದಳು. ಈ ಪಂಪ್‌ಹೌಸನ್ನು ಮರೆತುಬಿಡು, ನಿನ್ನ ಕೈಯಲ್ಲಿರುವ ಗನ್ನನ್ನೂ ಮರೆತುಬಿಡು, ಇಲ್ಲಿ ಇರುವುದು ಎರಡೇ ಸಾಲು ಎಂದು ಹೇಳಿ ಸೀಮೆಸುಣ್ಣ ಅವನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಕೊನೆಗೆ ಅವನು ಗನ್ನನ್ನು ಪಕ್ಕಕ್ಕಿಟ್ಟು, ಕೈಯನ್ನು ಬಟ್ಟೆಗೆ ಒರೆಸಿ, ಸೀಮೆಸುಣ್ಣ ತೆಗೆದುಕೊಂಡ. ಪಂಪಿನ ವೃತ್ತವನ್ನು ಕತ್ತರಿಸಿಕೊಂಡು ಹೋಗುವಂತೆ ಗ್ರೀಸಿನ ವೃತ್ತವನ್ನು ಒಂದೇ ಏಟಿಗೆ ಎಳೆದ. ಇದು ಯಾವ ಸಾಲಿನಲ್ಲಿ ಇದೆ ಎಂದು ಅವಳು ಕೇಳಿದಳು. ಅವನು ಅದನ್ನೇ ನೋಡುತ್ತ ಕೂತ. ನಾಲ್ಕು ಪಂಪುಗಳೂ ಒಂದೇ ಸಮನೆ ಓಡುತ್ತಿದ್ದವು. ಆಮೇಲೆ ಅಂಗೈಯಿಂದ ಆ ಗೆರೆಯನ್ನು ಉಜ್ಜಿ ಅಳಿಸಿ, ದೊಡ್ಡ ವೃತ್ತದ ಆ ತುದಿಯಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ನಿಧಾನವಾಗಿ ಇನ್ನೊಂದನ್ನು ಬರೆದ. ಅದು ಪಂಪಿನ ವೃತ್ತವನ್ನು ಎಲ್ಲಿಯೂ ಮುಟ್ಟಿರಲಿಲ್ಲ.